ಅಕ್ಕನ ಕುದುರೆಯ ಹಳದಿ ಕಾಲು

ಎಂಟು ದಿನ ಒಂದು ಕುದುರೆಯ ಕಾಲು ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಒರೆಸಲಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನಾದರೂ ಅಷ್ಟು ವಿದ್ಯೆ ನನ್ನಲ್ಲಿತ್ತು, ಮನಸ್ಸು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಅಕ್ಕನನ್ನು ನೆನೆದು ನಗುವುದಿದೆ.

ಮನುಷ್ಯರ ಮುಖಕ್ಕಿಂತ ಕುದುರೆಯ ಕಾಲನ್ನೇ ಚೆನ್ನಾಗಿ ಗುರುತಿಸುವ ಹೆಂಗಸು ಪುಣೆಯಲ್ಲಿ ನನ್ನ ಅಕ್ಕನೊಬ್ಬಳೇ! ಬೀಗರು ಬಾಗಿಲಿಗೆ ಬಂದರೆ ಯಾರ್ರೀ ನೀವು ಎನ್ನುತ್ತಾಳೆ. ಶೇವಂತಿಯ ಕಾಲಿನಲ್ಲಾದರೆ ಒಂದು ಕೂದಲು ಉದುರಿದರೂ ಅವಳಿಗೆ ಗೊತ್ತಾಗುತ್ತದೆ. ಶೇವಂತಿ ಎಂದರೆ ಅವಳ ಬಿಳಿ ಕುದುರೆ. ಮಾರ್ಕೆಟ್ ಯಾರ್ಡಿನಲ್ಲಿ ನಾನು ಈರುಳ್ಳಿ ಮೂಟೆ ಹೊರುತ್ತೇನೆ, ಅದು ಮದುವೆ ಮೆರವಣಿಗೆಯಲ್ಲಿ ಮದುಮಗನನ್ನು ಹೊರುತ್ತದೆ. ಇಬ್ಬರಲ್ಲಿ ಯಾರ ಕಾಲಿನ ಚಿಂತೆ ಅಕ್ಕನಿಗೆ ಹೆಚ್ಚು ಎಂದು ದಯವಿಟ್ಟು ಕೇಳಬೇಡಿ.

ಮಳೆ ಹಿಡಿಯಿತೆಂದರೆ ನಮ್ಮ ತಗಡಿನ ಶೆಡ್ಡಿನ ಮುಂದೆ ಮಣ್ಣು, ನೀರು, ಕೊಳೆತ ಕೋಸಿನೆಲೆ ಎಲ್ಲ ಸೇರಿ ರಾಡಿಯಾಗುತ್ತದೆ. ಆ ರಾಡಿ ಗೊರಸಿನ ಮೇಲಿನ ಸಂದಿಯಲ್ಲಿ ಹಸಿಯಾಗಿಯೇ ಕೂತರೆ ಚರ್ಮ ಮೆತ್ತಗಾಗಿ ಬಿರಿಯುತ್ತದೆ, ಹಕ್ಕಳೆ ಕಟ್ಟುತ್ತದೆ, ಆಮೇಲೆ ಕುದುರೆ ಕುಂಟುತ್ತದೆ. ಕಾಲು ಹೋದರೆ ಕುದುರೆ ಹೋಯಿತು, ಕುದುರೆ ಹೋದರೆ ಅಕ್ಕನಿಗೆ ಇನ್ನೇನು ಉಳಿಯಿತು? ಅದಕ್ಕೇ ಅವಳದೊಂದು ಶಾಸ್ತ್ರವಿದೆ. ರಾಡಿಯನ್ನು ಒಣಗಲು ಬಿಟ್ಟು ಬ್ರಶ್ಶಿನಿಂದ ಉದುರಿಸಬೇಕು. ತೊಳೆಯಲೇಬೇಕಾದರೆ ಪೂರ್ತಿ ಒಣಗುವ ತನಕ ಒರೆಸಬೇಕು. ಅದೂ ಒಂದೊಂದು ಕಾಲಿಗೆ ಒಂದೊಂದು ಟವೆಲ್! ಒಂದರ ರೋಗ ಇನ್ನೊಂದಕ್ಕೆ ಅಂಟಬಾರದಲ್ಲ. ಒಮ್ಮೆ ಭಾವ ಸ್ನಾನ ಮಾಡಿ ಬಂದು ಹಿಂದಿನ ಎಡಗಾಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು. ಅಕ್ಕ ಕೂಗಾಡಲಿಲ್ಲ. ಟವೆಲನ್ನು ಕುದಿಯುವ ನೀರಿಗೆ ಹಾಕಿ, "ಈ ಮಾರಿದು ಏನರ ಅದರ ಕಾಲಿಗೆ ಹತ್ತಿದ್ರ?" ಎಂದಳು.

ಜೂನಿನಲ್ಲಿ ಮಗಳ ಹೆರಿಗೆಗೆಂದು ಅಕ್ಕ ಸೊಲ್ಲಾಪುರಕ್ಕೆ ಹೋದಳು. ದಿನಾ ಫೋನು. ಮೊದಲು ಕಾಲಿನ ಸುದ್ದಿ, ನೆನಪಾದರೆ ಮೊಮ್ಮಗಳ ಸುದ್ದಿ. ಒರೆಸಿದೆಯಾ ಎಂದರೆ ಒರೆಸಿದೆ ಎನ್ನುತ್ತಿದ್ದೆ. ಸಂದಿಯಲ್ಲಿ ಬೆರಳಿಟ್ಟು ನೋಡು, ಹಸಿ ಇದೆಯಾ ಎಂದು ಕೇಳುತ್ತಿದ್ದಳು. ಇಲ್ಲ, ಒಣಗಿದೆ ಎನ್ನುತ್ತಿದ್ದೆ. ಆ ಹೊತ್ತಿನಲ್ಲಿ ನನ್ನ ಬೆರಳು ಖಾರಿ ಬಿಸ್ಕತ್ತಿನ ಸಮೇತ ಚಹಾದಲ್ಲಿರುತ್ತಿತ್ತು! ಬೆಳಿಗ್ಗೆ ಸಂಜೆ ಪೈಪಿನಿಂದ ಕಾಲಿಗೆ ನೀರು ಬಿಟ್ಟರೆ ನನ್ನ ಸೇವೆ ಮುಗಿಯಿತು.

ಆರನೆಯ ದಿನ ಹಿಂಗಾಲುಗಳಲ್ಲಿ ಹಕ್ಕಳೆ ಕಂಡಿತು. ಮುಟ್ಟಿದರೆ ಶೇವಂತಿ ಕಾಲು ಎತ್ತಿಕೊಂಡಿತು. ದೇವರ ಗೂಡಿನಲ್ಲಿ ಅಕ್ಕ ಜೇಜುರಿ ಬೆಟ್ಟದ ಖಂಡೋಬಾನ ಗುಡಿಯಿಂದ ತಂದಿಟ್ಟ ಭಂಡಾರದ, ಎಂದರೆ ಪ್ರಸಾದದ ಅರಿಶಿನದ, ಪೊಟ್ಟಣವಿತ್ತು. ಅರಿಶಿನ ಔಷಧಿಯೇ ತಾನೇ ಎಂದುಕೊಂಡು ಕಲಸಿ ಮೊಣಕಾಲಿನವರೆಗೆ ಮೆತ್ತಿದೆ. ಗಾಯ ಇದ್ದದ್ದು ಎರಡು ಕಾಲಿಗೆ. ನಾಲ್ಕಕ್ಕೂ ಯಾಕೆ ಮೆತ್ತಿದೆ? ಎರಡಕ್ಕೇ ಮೆತ್ತಿದ್ದರೆ ಅಕ್ಕ ಆ ಎರಡನ್ನೇ ನೋಡುತ್ತಿದ್ದಳಲ್ಲ!

ಎಂಟನೆಯ ದಿನ ಅಕ್ಕ ಬಂದಳು. ಬ್ಯಾಗನ್ನೂ ಇಳಿಸದೆ ಕಾಲು ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ತುಂಬಿತ್ತು.

"ಖಂಡೋಬಾನ ಭಂಡಾರ ಹಚ್ಚೀದೇನೋ? ನೀನ?"

ಹುಟ್ಟಿದ ಮೇಲೆ ಒಂದು ಸಲವೂ ಜೇಜುರಿ ಹತ್ತದ ನಾನು ತಲೆಯಾಡಿಸಿಬಿಟ್ಟೆ.

ತಮ್ಮನಿಗೆ ಭಕ್ತಿ ಹುಟ್ಟಿದ ಸುದ್ದಿ ಸಂಜೆಯೊಳಗೆ ಇಡೀ ಗಲ್ಲಿಗೆ ಎರಡು ಭಾಷೆಯಲ್ಲಿ ತಲುಪಿತು. ಬಟಾಟೆ ಮಾರುವ ಮಾವಶಿ ತನ್ನ ಹೊಸ ಸ್ಕೂಟರಿಗೆ ನನ್ನ ಕೈಯಿಂದಲೇ ಭಂಡಾರ ಹಚ್ಚಿಸಿಕೊಂಡಳು. ಮರುದಿನದ ಮದುವೆಯಲ್ಲಿ ಮದುಮಗನ ಕಾಕಾ ಹಳದಿ ಕಾಲು ಶುಭವೆಂದು ಎಷ್ಟು ಹತ್ತಿರದಿಂದ ಫೋಟೋ ತೆಗೆದನೆಂದರೆ, ಅದರಲ್ಲಿ ಮದುಮಗ ಸೊಂಟದವರೆಗೂ ಬಂದಿಲ್ಲ!

ನಗು ಅಲ್ಲಿಗೆ ನಿಂತಿತು. ಶೇವಂತಿ ಮತ್ತೆ ಮತ್ತೆ ಕಾಲು ಅಪ್ಪಳಿಸುತ್ತಿತ್ತು. ನೊಣ ಇರಬೇಕು ಎಂದಳು ಅಕ್ಕ. ದೇವರ ಭಂಡಾರ ಅಳಿಸಬಾರದೆಂದು ಅವಳು ಮೂರು ದಿನ ಬ್ರಶ್ಶೂ ಮುಟ್ಟಿಸಲಿಲ್ಲ, ಟವೆಲೂ ಮುಟ್ಟಿಸಲಿಲ್ಲ. ಅವಳ ಜನ್ಮದಲ್ಲೇ ಮೊದಲ ಸಲ! ನಾನು ನೋಡಿಯೂ ಮೂಟೆ ಹೊರಲು ಹೋಗುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಹಿಂಗಾಲು ಸೋರೆಕಾಯಿಯಂತೆ ಊದಿತ್ತು.

ಡಾಕ್ಟರು ಬಂದು ಅರಿಶಿನ ತೊಳೆಸಿ, ಕೂದಲು ಕತ್ತರಿಸಿ, ಇಂಜೆಕ್ಷನ್ ಕೊಟ್ಟರು. ಒಣ ಹಕ್ಕಳೆಯನ್ನು ಕೀಳಬೇಡಿ, ಔಷಧಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತಾನಾಗಿ ಬಿಟ್ಟುಕೊಂಡದ್ದನ್ನಷ್ಟೇ ತೆಗೆಯಿರಿ, ಒತ್ತಿ ಒರೆಸಿ ಮುಲಾಮು ಹಚ್ಚಿ, ರಾಡಿಗೆ ಇಳಿಸಬೇಡಿ ಎಂದರು. ಅಕ್ಕ ಕಟ್ಟಿಗೆ ಅಡ್ಡೆಯಿಂದ ಮರದ ಒಣ ಹೊಟ್ಟು ತಂದು ಹಾಸಿದಳು. ಕೂಸಿಗೆ ಮಾಡುವಂತೆ ಆರೈಕೆ ಮಾಡಿದಳು. ಎರಡು ವಾರದಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬಂತು, ಕುಂಟು ಹೋಯಿತು.

ನನ್ನನ್ನು ಅವಳು ಒಂದು ಮಾತೂ ಕೇಳಲಿಲ್ಲ. ಕುದುರೆಯನ್ನು ಬಿಟ್ಟು ಹೋದದ್ದು ತನ್ನ ತಪ್ಪು, ಭಂಡಾರ ತೊಳೆದದ್ದೂ ತನ್ನ ತಪ್ಪು ಎಂದು ತಾನೇ ತೀರ್ಮಾನಿಸಿ, ಜೇಜುರಿಗೆ ಹೋಗಿ ಕ್ಷಮೆ ಕೇಳಲು ನನ್ನನ್ನೂ ಕರೆದುಕೊಂಡು ಹೊರಟಳು. ಮೊಣಕಾಲು ನೋವಿನ ಅಕ್ಕ ಹತ್ತು ಮೆಟ್ಟಿಲಿಗೊಮ್ಮೆ ನಿಂತು ಮರಾಠಿಯಲ್ಲಿ ಮಾಫ್ ಕರ್ ದೇವಾ ಎನ್ನುತ್ತಿದ್ದಳು. ದೇವರಿಗೆ ಕನ್ನಡ ಬರುವುದಿಲ್ಲವೇ ಎಂದು ಕೇಳಿದೆ.

"ಬರ್ತದ. ತಪ್ಪು ಮಾಡಿದಾಗ ಅವನ ಮಾತಿನ್ಯಾಗ ಕೇಳಬೇಕು."

ಅರ್ಧ ದಾರಿಯಲ್ಲಿ ಕೂತುಬಿಟ್ಟಳು. ಮೊಣಕಾಲು ಒತ್ತಿಕೊಳ್ಳುತ್ತಾ ನನ್ನತ್ತ ನೋಡಿದಳು.

"ಇನ್ನ ನನ್ನ ಕೈಲೆ ಆಗೂದಿಲ್ಲ. ನೀ ಹೋಗಿ ನನ್ನ ಸಲುವಾಗಿ ಕೇಳ್ಕೊಂಡು ಬಾ. ನಿನ್ನ ಮನಸ್ಸು ಸ್ವಚ್ಛ ಅದ, ನಿನ್ನ ಮಾತು ಕೇಳ್ತಾನ."

ನಾನು ಹತ್ತಲಿಲ್ಲ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತೆ.

"ಅಕ್ಕಾ, ನೀ ಏನೂ ತಪ್ಪು ಮಾಡಿಲ್ಲ. ಎಂಟು ದಿನ ನಾ ಒಂದ ಕಾಲೂ ಒರಸಿಲ್ಲ. ಗಾಯ ನಿನಗ ಕಾಣಬಾರದಂತ ಭಂಡಾರ ಹಚ್ಚೀನಿ. ತಪ್ಪು ನಂದ ಅದ. ನನ್ನ ಮಾಫ್ ಮಾಡವಾ."