ಕಾಣೆಯಾದ ಮುಖಗಳ ಅಂಗಡಿ

ಕಂಪ್ಯೂಟರಲ್ಲಿ ಕಾಣೆಯಾದ ಫೋಟೋ ಹುಡುಕಿಕೊಡೋದು ನನ್ನ ಕೆಲಸ. ಜಯನಗರದಲ್ಲಿ ಮಹಡಿ ಮೇಲೊಂದು ಸಣ್ಣ ಅಂಗಡಿ. ದೆವ್ವ ಗಿವ್ವ ನಂಬೋನಲ್ಲ. ಆದರೂ ಆಗಾಗ ಕೂತಲ್ಲೇ ಮೈ ಜುಂ ಅನ್ನೋದು ತಪ್ಪಿಲ್ಲ.

ಖಾಲಿ ಕುರ್ಚಿ

ಬನಶಂಕರಿಯ ಆಂಟಿಯೊಬ್ಬರ ಲ್ಯಾಪ್‌ಟಾಪಲ್ಲಿ ಫೋಟೋಗಳ ಪುಟ್ಟ ಚಿತ್ರಗಳೆಲ್ಲ ಬರೀ ಬೂದು ಚೌಕ ಆಗಿದ್ದವು. ಸರಿ ಮಾಡಿದೆ. ಒಂದೊಂದೇ ಮುಖ ಮೂಡಿ ಬಂತು. ಆಮೇಲೆ ಮುಖ ಗುರುತಿಸೋ ಸಾಫ್ಟ್‌ವೇರ್ ಕೇಳಿತು, "ಇವರು ಯಾರು?"

ಫೋಟೋದಲ್ಲಿದ್ದದ್ದು ಕಿಟಕಿ ಪಕ್ಕದ ಖಾಲಿ ಕುರ್ಚಿ. ತಲೆ ಇರಬೇಕಾದ ಎತ್ತರಕ್ಕೆ ಸರಿಯಾಗಿ ಒಂದು ಚೌಕ ಹಾಕಿತ್ತು.

"ಪರದೆ ಮಡಿಕೆ ನೋಡಿ ಮುಖ ಅಂದ್ಕೊಂಡಿದೆ ಆಂಟಿ," ಅಂದೆ. ನನಗೇ ನಂಬಿಕೆ ಬರಲಿಲ್ಲ.

ಆಂಟಿ ಕನ್ನಡಕ ಹಾಕ್ಕೊಂಡು ನೋಡಿದರು. "ನಮ್ಮತ್ತೆ ಕೂರ್ತಿದ್ದ ಜಾಗ ಇದು. ಹೋಗಿ ವರ್ಷಗಳಾಯ್ತು." ಆಮೇಲೆ ದನಿ ತಗ್ಗಿಸಿದರು. "ಹೆಸರು ಮಾತ್ರ ಬರೀಬೇಡಪ್ಪ. ಬರೆದ್ರೆ ಮಿಕ್ಕಿದ ಫೋಟೋಗಳಲ್ಲೂ ಬಂದು ಕೂರ್ತಾರೆ."

ಹಾರ

ಬಿಳೇಕಹಳ್ಳಿಯ ನಿವೃತ್ತ ಮೇಷ್ಟ್ರು ತಮ್ಮ ಹುಟ್ಟುಹಬ್ಬದ ಫೋಟೋ ತೋರಿಸಿದರು. ತೆರೆದರೆ ಕೇಕ್ ಕತ್ತರಿಸ್ತಿದ್ದಾರೆ. ಮುಚ್ಚಿದರೆ ಪುಟ್ಟ ಚಿತ್ರದಲ್ಲಿ ಗೋಡೆ ಮೇಲೆ ಅದೇ ಮೂಗು, ಅದೇ ಮೀಸೆ, ಕೊರಳಿಗೆ ಗಂಧದ ಹಾರ, ಮುಂದೆ ದೀಪ.

"ಅದು ತೀರಿಹೋದ ನಿಮ್ಮಣ್ಣನ ಫೋಟೋ ಸಾರ್, ಫೈಲಿನ ಹೆಸರಲ್ಲೇ 'ಅಣ್ಣ' ಅಂತಿದೆ. ಚಿತ್ರಗಳು ಅದಲುಬದಲಾಗಿವೆ. ಕಾಫಿ ಕುಡೀರಿ, ಸರಿ ಮಾಡ್ತೀನಿ."

"ಕಾಫಿ ಆಮೇಲೆ," ಅಂದರು ಮೇಷ್ಟ್ರು. "ಮೊದಲು ನನ್ನನ್ನ ಗೋಡೆಯಿಂದ ಇಳಿಸಿ."

ಹಸು ಇತ್ತು, ಅವರಿರಲಿಲ್ಲ

ಸುದ್ದಗುಂಟೆಪಾಳ್ಯದ ಮನೆ ಓನರ್ ಒಬ್ಬರು ಹೃದಯದ ಆಪರೇಷನ್ ಮಾಡಿಸ್ಕೊಂಡು ಆಗತಾನೇ ಚೇತರಿಸ್ಕೊಳ್ತಿದ್ದರು. ನನ್ನನ್ನ ತಮ್ಮ ಮನೆಗೇ ಕರೆಸಿದರು.

"ಹಾಲ್‌ನಲ್ಲಿರೋ ಟ್ಯಾಬು ತಾನಾಗೇ ಹಳೇ ಫೋಟೋ ತೋರಿಸ್ತಿರುತ್ತೆ. ಆಸ್ಪತ್ರೆಯಿಂದ ಬಂದ ಮೇಲೆ ನೋಡ್ತೀನಿ, ಯಾವುದರಲ್ಲೂ ನಾನಿಲ್ಲ." ತುಟಿ ಒಣಗಿತ್ತು. "ಮೇಲಿಂದ ಸೂಚನೆ ಇರಬೇಕು. ಬೀರು ಕೀ ಎಲ್ಲಿದೆ ಅಂತ ಹೆಂಡತಿಗೆ ಹೇಳಿಟ್ಟಿದ್ದೀನಿ."

ಇಬ್ಬರೂ ಟ್ಯಾಬಿನ ಮುಂದೆ ಕೂತೆವು. ಗೃಹಪ್ರವೇಶ ಬಂತು. ಹಸು ಇತ್ತು, ಅವರಿರಲಿಲ್ಲ. ಮಗಳ ಮದುವೆ ಬಂತು. ಅಡುಗೆಯವರೂ ಇದ್ದರು, ಅವರಿರಲಿಲ್ಲ.

ಸೆಟ್ಟಿಂಗ್ ತೆಗೆದು ನೋಡಿದೆ. 'ಈ ಮುಖ ತೋರಿಸಬೇಡ' ಅನ್ನೋದರ ಕೆಳಗೆ ಅವರ ಮುಖ ಒಂದೇ ಇತ್ತು.

"ಏನೂ ಆಗಿಲ್ಲ ಸಾರ್. ಇದನ್ನ ಯಾರೋ ಒತ್ತಿದ್ದಾರೆ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ ಕೇಳಿದರು, "ಯಾರು?"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ನಾನೇ ಒತ್ತಿದ್ದು. ಆಪರೇಷನ್ ಆದಾಗಿಂದ ದಿನಪೂರ್ತಿ ನನ್ನೆದುರಿಗೇ ಕೂತಿರ್ತೀರಲ್ಲ. ಆ ಟ್ಯಾಬಲ್ಲೂ ನಿಮ್ಮನ್ನೇ ನೋಡ್ಬೇಕಾ?"