ಗುರುತಿನವರಿಲ್ಲದ ಒಂದು ವಾರ

ಫರ್ಗಲ್ ಮಲ್ವಿ ಮಾಡಿದ ತಪ್ಪು ಇಷ್ಟೇ: ಮಾರ್ಚ್ ತಿಂಗಳಲ್ಲಿ, ಡ್ರಮ್‌ಕೀಲ್ ಊರಿನ ಔಷಧಿ ಅಂಗಡಿಯಲ್ಲಿ, ಬಿಸಿಲಿಗೆ ಮೈ ಸುಡದಂತೆ ಹಚ್ಚಿಕೊಳ್ಳುವ ಕ್ರೀಮು ಕೊಂಡ.

ಅಕ್ಟೋಬರಿನಲ್ಲಿ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಐರ್ಲೆಂಡಿನ ಆ ಮೂಲೆಯಲ್ಲಿ ಮಳೆ ನಿಂತಿತೆಂದರೆ ಮುಂದಿನ ಮಳೆಗೆ ಉಸಿರು ತೆಗೆದುಕೊಳ್ಳುತ್ತಿದೆ ಎಂದೇ ಲೆಕ್ಕ. ಅಂಥ ಕಡೆ ಬಿಸಿಲಿನ ಕ್ರೀಮು ಕೊಳ್ಳುವುದೂ ಒಂದೇ, ಬ್ಯಾಂಡ್ ಬಾರಿಸಿಕೊಂಡು ಬೀದಿಯಲ್ಲಿ ಹೋಗುವುದೂ ಒಂದೇ. ಫರ್ಗಲ್ ರಸ್ತೆ ದಾಟಿ ತಾನು ಕೆಲಸ ಮಾಡುವ ಸಹಕಾರಿ ಅಂಗಡಿಯ ಬಾಗಿಲು ತಳ್ಳುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಒಳಗೆ ಬಂದು ಕಾಲು ಚಾಚಿ ಕೂತಿತ್ತು.

"ಎಲ್ಲಿಗಪ್ಪಾ ಸವಾರಿ?" ಎಂದ ಮ್ಯಾನೇಜರ್ ಮಾಸಿ ಫೀಹಿಲಿ, ದನದ ಹಿಂಡಿಯ ಚೀಲ ಹೊಲಿಯುತ್ತಾ.

"ಎಲ್ಲೂ ಇಲ್ಲ."

"ಎಲ್ಲೂ ಇಲ್ಲದ ಕಡೆ ಅಷ್ಟೊಂದು ಬಿಸಿಲಾ?"

ಫರ್ಗಲ್ ಕ್ರೀಮನ್ನು ಜೇಬಿಗೆ ತುರುಕಿದ. ಅವನಿಗೆ ಮೂವತ್ತಾರು. ಮದುವೆಯಾಗಿಲ್ಲ, ಆಗಬಾರದೆಂದೇನೂ ಇಲ್ಲ. ನೋಡಲು ತಕ್ಕಮಟ್ಟಿಗಿದ್ದ, ಕುಣಿಯಲೂ ಬರುತ್ತಿತ್ತು. ತೊಂದರೆ ಏನೆಂದರೆ, ಆ ದೇಶದಲ್ಲಿ ಯಾವ ಹೆಣ್ಣಿನೊಡನೆ ಮಾತಿಗೆ ನಿಂತರೂ ಸ್ವಲ್ಪ ಹೊತ್ತಿಗೆ 'ನೀನು ಯಾರ ಪೈಕಿ?' ಎಂಬ ಪ್ರಶ್ನೆ ಬರುತ್ತದೆ. ಅಲ್ಲಿಂದ ಮುಂದೆ ಮಾತು ಅವನ ಕುರಿತು ಇರುವುದಿಲ್ಲ. ಕಳೆದ ಕ್ರಿಸ್‌ಮಸ್ಸಿನಲ್ಲಿ ಗಾಲ್ವೆಯ ಪಬ್ಬೊಂದರಲ್ಲಿ ಕೆಂಪು ಕೂದಲಿನ ನರ್ಸ್ ಒಬ್ಬಳು ಅವನ ಮಾತಿಗೆಲ್ಲ ನಕ್ಕು, ಕುಣಿಯಲೆಂದು ಎದ್ದೂ ನಿಂತವಳು, "ಡ್ರಮ್‌ಕೀಲಾ? ಮಲ್ವಿನಾ? ಅಟ್ರಾಕ್ಟಾ ಮಗನಾ?" ಎಂದು ಕೇಳಿ ಮತ್ತೆ ಕೂತುಬಿಟ್ಟಳು. ಫರ್ಗಲನ ಅಪ್ಪ ಬದುಕಿದ್ದಾಗ ಅವಳ ಸೋದರಮಾವನಿಗೆ ಒಂದು ಕುರುಡು ಕಡಸು ಮಾರಿದ್ದನಂತೆ. ಉಳಿದ ಹೊತ್ತೆಲ್ಲ ಆ ಕಡಸಿನ ಮಾತೇ ಆಯಿತು. ಕುಣಿತ ಆಗಲಿಲ್ಲ.

ಅಂದೇ ಫರ್ಗಲ್ ನಿರ್ಧರಿಸಿದ್ದ. ಒಂಟಿ ಇರುವವರಿಗೆಂದೇ ನಡೆಸುವ ಪ್ರವಾಸಗಳಿವೆಯಲ್ಲ, ಅಂಥದೊಂದಕ್ಕೆ ಹೋಗಬೇಕು. ಬಿಸಿಲಿರಬೇಕು, ಕಡಲಿರಬೇಕು, ಕತ್ತಲಾದ ಮೇಲೆ ಹಾಡು, ಕುಡಿತ, ಕುಣಿತ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ವಾರ ಅವನು ಯಾರ ಮಗನೂ ಆಗಿರಬಾರದು. ಅಮ್ಮನಿಗೆ ಮಾತ್ರ, ಈಸ್ಟರ್ ಕಳೆದ ವಾರ ಅಥ್ಲೋನಿನಲ್ಲಿ ರಸಗೊಬ್ಬರದ ತರಬೇತಿ ಇದೆ ಎಂದು ಹೇಳಿಯಾಗಿತ್ತು.

"ಬಾಯಿ ಬಿಡೋ," ಎಂದ ಮಾಸಿ. "ನಾನೇನು ಊರಿಗೆಲ್ಲ ಸಾರ್ತೀನಾ?"

"ಸುಮ್ನೆ ಯೋಚನೆ ಅಷ್ಟೇ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಸಾಂತಾ ಪೊನ್ಸಾ ಅಂತ ಇದೆಯಲ್ಲ..."

"ಸಾಂತಾ ಪೊನ್ಸಾ! ನಮ್ಮಕ್ಕ ಬರ್ನಿ ಬಾರ್ ಇಟ್ಟಿರೋದೇ ಅಲ್ಲಿ! ನಿಮ್ಮಮ್ಮನ ಮದುವೇಲಿ ಹೂಗುಚ್ಛ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದೋಳು ಅವಳೇ. ಈಗ್ಲೇ ಫೋನ್ ಮಾಡ್ತೀನಿ ತಡಿ, ವಿಮಾನ ನಿಲ್ದಾಣಕ್ಕೇ ಬಂದು ಕರ್ಕೊಂಡು ಹೋಗ್ತಾಳೆ. ನಿನಗೆ ಸರಿಯಾದ ಹೊತ್ತಿಗೆ ಊಟ, ಸರಿಯಾದ ಹೊತ್ತಿಗೆ ನಿದ್ದೆ."

ಸಾಂತಾ ಪೊನ್ಸಾ ಅಲ್ಲಿಗೆ ಮುಗಿಯಿತು.

ಇಲಿ ಪಾಷಾಣ ಕೊಳ್ಳಲು ಬಂದ ಫಾದರ್ ಕ್ಯಾನಿಸ್ ಮಳೆ ಟೋಪಿಯನ್ನು ಕೌಂಟರಿನ ಮೇಲೆ ಕೊಡವಿದರು. "ಟೆನೆರಿಫೆಗೆ ಬಾರಪ್ಪ. ನಮ್ಮ ಚರ್ಚಿನ ಹಾಡುಗಾರರು ಅಲ್ಲಿಗೇ ಹೊರಟಿದ್ದಾರೆ. ದಪ್ಪ ದನಿಯವನು ಒಬ್ಬ ಬೇಕಾಗಿದ್ದಾನೆ."

"ನಂದು ತೆಳು ದನಿ, ಫಾದರ್."

"ಬಿಸಿಲಿಗೆ ದಪ್ಪ ಆಗುತ್ತೆ."

ರಬ್ಬರ್ ಬೂಟು ಹಾಕಿ ನೋಡುತ್ತಿದ್ದ ಹೆಂಗಸೊಬ್ಬಳು ಒಂಟಿಕಾಲಿನಲ್ಲಿ ನಿಂತೇ, ಊರಿನ ಫುಟ್‌ಬಾಲ್ ತಂಡ ಹೆಂಡಿರು ಮಕ್ಕಳ ಸಮೇತ ಪೋರ್ಚುಗಲ್ಲಿನ ಆಲ್ಬುಫೇರಾಕ್ಕೆ ಹೋಗುತ್ತಿರುವುದನ್ನೂ, ಅಯಾ ನಾಪಾದ ಕಡಲ ದಂಡೆಯಲ್ಲಿ ತನ್ನ ಅಳಿಯನ ತಮ್ಮ ಪಿಟೀಲು ಬಾರಿಸುತ್ತಿರುವುದನ್ನೂ ತಿಳಿಸಿದಳು. ಬೆಳಗ್ಗೆ ಕ್ರೀಮು ಕೊಳ್ಳುವಾಗ ಫರ್ಗಲನ ಮುಂದೆ ಇಡೀ ದಕ್ಷಿಣ ಯುರೋಪು ಬಾಗಿಲು ತೆರೆದು ನಿಂತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಒಂದೊಂದು ಬಾಗಿಲಲ್ಲೂ ಡ್ರಮ್‌ಕೀಲಿನವರು ಒಬ್ಬೊಬ್ಬರು ನಿಂತು ಕೈ ಬೀಸುತ್ತಿದ್ದರು.

ಊಟ ಬಿಟ್ಟು ಅವನು ಡಿಂಪ್ನಾ ಕಿಲ್ಗ್ಯಾಲನ್ನಳ ಟ್ರಾವೆಲ್ಸ್‌ಗೆ ಓಡಿದ. ಅದು ಹಿಂದೆ ಮಾಂಸದಂಗಡಿಯಾಗಿತ್ತು. ತಾಳೆಮರಗಳ ಚಿತ್ರಗಳು ಈಗಲೂ ಕುರಿ ನೇತುಹಾಕುತ್ತಿದ್ದ ಕೊಕ್ಕೆಗಳಿಂದಲೇ ತೂಗುತ್ತಿದ್ದವು. ಗುಟ್ಟು ಕಾಪಾಡುವುದರಲ್ಲಿ ಡಿಂಪ್ನಾಳನ್ನು ಮೀರಿಸಿದವರಿಲ್ಲ. ಅವಳ ಸ್ವಂತ ತಂಗಿ ವಿಮೆ ಏಜೆಂಟನ ಜೊತೆ ಓಡಿಹೋದಾಗ ಮನೆಯವರೆಲ್ಲ ಮೂರು ಜಿಲ್ಲೆ ಹುಡುಕಿದ್ದರು. ಟಿಕೆಟ್ ಮಾರಿದವಳು ಡಿಂಪ್ನಾಳೇ. ಗಿರಾಕಿಯ ವಿಷಯವೆಂದು ತುಟಿ ಬಿಚ್ಚದೆ, ಹುಡುಕುವವರ ಜೊತೆ ತಾನೂ ಟಾರ್ಚ್ ಹಿಡಿದು ತಿರುಗಿದ್ದಳು.

"ನಮ್ಮ ಕಡೆಯವರು ಯಾರೂ ಇರಬಾರದು, ಡಿಂಪ್ನಾ," ಎಂದ ಫರ್ಗಲ್ ಪಿಸುಮಾತಿನಲ್ಲಿ. "ನಮ್ಮ ಕಡೆಯವರ ಕಡೆಯವರೂ ಇರಬಾರದು."

"ಬಿಸಿಲು?"

"ಬೇಕು."

"ರಾತ್ರಿ ಕುಣಿತ ಗಿಣಿತ?"

"ಅದಕ್ಕೇ ಹೋಗ್ತಿರೋದು."

ಡಿಂಪ್ನಾ ಕನ್ನಡಕ ಹಣೆಗೇರಿಸಿ ಅವನನ್ನು ತುಸು ಹೊತ್ತು ನೋಡಿದಳು. "ಅಲ್ಬೇನಿಯಾ," ಎಂದಳು. "ಸರಾಂಡ ಅಂತ ಊರು. ಕಡಲ ದಂಡೆ ಪೂರ್ತಿ ದೀಪ, ಹಾಡು. ಮೂವತ್ತು ದಾಟಿದ ಒಂಟಿಗಳ ಗುಂಪು ಒಂದು ಈಸ್ಟರ್ ಕಳೆದ ವಾರ ಡಬ್ಲಿನ್ನಿಂದ ಹೋಗುತ್ತೆ. ಮೊನ್ನೆ ಇನ್ನೊಬ್ಬರಿಗೂ ಹೀಗೇ ಬೇಕಾಗಿತ್ತು, ಅವರಿಗಾಗಿ ಹುಡುಕಿದ್ದು. ಈಗ್ಲೇ ಹಿಡಿದಿಡ್ಲಾ?"

ಆಗಲೇ ಹೂಂ ಎಂದಿದ್ದರೆ ಮಧ್ಯಾಹ್ನದ ಪಾಡು ತಪ್ಪುತ್ತಿತ್ತು. ಆದರೆ ಬೆಳಗಿನಿಂದ ಪೆಟ್ಟು ತಿಂದವನಿಗೆ ನಂಬಿಕೆ ಬರಲಿಲ್ಲ. ಒಂದು ಸಲ ವಿಚಾರಿಸಿಯೇ ಬಿಡೋಣವೆಂದು ಕೋಲ್ಮನ್ ಗೆರಟಿಯ ಪಬ್ಬಿಗೆ ಹೋದ.

ಕೋಲ್ಮನ್ ಮುಂದುಗಡೆ ಬಿಯರ್ ಮಾರುತ್ತಿದ್ದ, ಹಿಂದುಗಡೆ ಹೆಣದ ಪೆಟ್ಟಿಗೆ. ಊರಿನವರು ಎಲ್ಲಿ ಸತ್ತರೂ ತರಿಸಿ ಮಣ್ಣು ಮಾಡುವವನು ಅವನೇ. ಹೀಗಾಗಿ ಯಾರು ಯಾವ ದೇಶದಲ್ಲಿದ್ದಾರೆಂಬುದು ಸರ್ಕಾರಕ್ಕಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ನೇರವಾಗಿ ಕೇಳುವುದು ಅಲ್ಲಿ ಮರ್ಯಾದೆಯಲ್ಲ. ಫರ್ಗಲ್ ಮಳೆಯಿಂದ ಶುರು ಮಾಡಿ, ಗೊಬ್ಬರದ ಬೆಲೆ ಸುತ್ತಿ, ಕೋಲ್ಮನ್ನನ ಮಂಡಿನೋವು ವಿಚಾರಿಸಿ, ಗ್ಲಾಸು ಅರ್ಧವಾದ ಮೇಲೆ ವಿಷಯಕ್ಕೆ ಬಂದ.

"ಅಲ್ಬೇನಿಯಾ ಕಡೆ ನಮ್ಮೋರು ಯಾರಾದ್ರೂ ಇದ್ದಾರಾ, ಕೋಲ್ಮನ್? ಗೆಳೆಯನೊಬ್ಬ ಕೇಳ್ತಿದ್ದ."

ಕೋಲ್ಮನ್ ಗ್ಲಾಸು ಒರೆಸುವುದನ್ನು ನಿಲ್ಲಿಸಿದ. "ಸ್ಪೇನಿಂದ ಹೆಣ ತರಿಸಿದ್ದೀನಿ. ಪೋರ್ಚುಗಲ್ಲಿಂದ ತರಿಸಿದ್ದೀನಿ. ಬಾಸ್ಟನ್ನು, ಸಿಡ್ನಿ, ಒಂದ್ಸಲ ಹಡಗಿನಿಂದಲೂ ಇಳಿಸ್ಕೊಂಡಿದ್ದೀನಿ. ಅಲ್ಬೇನಿಯಾದಿಂದ ಒಂದೇ ಒಂದು ಬಂದಿಲ್ಲ."

ಇದಕ್ಕಿಂತ ಗಟ್ಟಿ ಪುರಾವೆ ಇನ್ನೇನು ಬೇಕು? ಫರ್ಗಲನ ಎದೆ ಹಗುರಾಯಿತು.

"ಅಂದ್ರೆ," ಎಂದ ಕೋಲ್ಮನ್ ನಿಧಾನವಾಗಿ, "ಅಲ್ಲಿ ಯಾರಿಗೂ ನಮ್ಮ ಗುರುತೇ ಇರಲ್ಲ."

"ಗೆಳೆಯನೂ ಅದೇ ಅಂತಿದ್ದ."

"ಮಂಡಿನೋವು ಹೇಗಿದೆ ಅಂತ ಯಾರೂ ಕೇಳಲ್ಲ. ನಮ್ಮ ತಾತಂಗೆ ಯಾವ ಮರದ ಪೆಟ್ಟಿಗೆ ಹಾಕಿದ್ದೆ ಅಂತಾನೂ ಕೇಳಲ್ಲ."

ಕೋಲ್ಮನ್ ಕಿಟಕಿಯಾಚೆ ಸುರಿಯುತ್ತಿದ್ದ ಮಳೆಯನ್ನು ನೋಡತೊಡಗಿದ. ಆ ನೋಟ ಫರ್ಗಲನಿಗೆ ಹಿಡಿಸಲಿಲ್ಲ. ಗ್ಲಾಸಿನಲ್ಲಿ ಉಳಿದದ್ದನ್ನು ಬಿಟ್ಟು ಕೆಲಸಕ್ಕೆ ಮರಳಿದ.

ಅಂಗಡಿಗೆ ಬಂದರೆ, ಈ ಸುದ್ದಿಯೂ ಅವನಿಗಿಂತ ಮುಂಚೆ ತಲುಪಿ, ಮಾಸಿ ಗೋಡೆಯ ಮೇಲಿನ ಹಳೆಯ ಭೂಪಟಕ್ಕೆ ಮೂಗು ಒತ್ತಿ ನಿಂತಿದ್ದ. "ಗ್ರೀಸ್ ಪಕ್ಕದಲ್ಲೇ ಐತಲ್ಲೋ ಈ ಅಲ್ಬೇನಿಯಾ! ನಂಗೂ ಒಂದು ವಾರ ರಜೆ ಬಾಕಿ ಇದೆ." ಫಾದರ್ ಕ್ಯಾನಿಸ್ ಕೂಡ ಫೋನ್ ಮಾಡಿ, ಅಲ್ಲಿ ಪಾದ್ರಿಗಳು ಕಡ್ಡಾಯವಾಗಿ ಬಿಳಿ ಕಾಲರ್ ಹಾಕಬೇಕೇ, ಇಲ್ಲದಿದ್ದರೆ ನಡೆಯುತ್ತದೆಯೇ, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ ಎಂದರಂತೆ.

ಊರಿನಿಂದ ತಪ್ಪಿಸಿಕೊಳ್ಳಲು ಒಂದು ಜಾಗ ಹುಡುಕಿದರೆ ಊರೇ ಗಂಟುಮೂಟೆ ಕಟ್ಟುತ್ತಿದೆ! ಫರ್ಗಲ್ ಹೊಟ್ಟೆನೋವೆಂದು ಸುಳ್ಳು ಹೇಳಿ, ಕೋಟು ಮರೆತು, ಮಳೆಯಲ್ಲಿ ಡಿಂಪ್ನಾಳ ಅಂಗಡಿಗೆ ಓಡಿದ. ಒಳಗೆ ಕೋಲ್ಮನ್ ಆಗಲೇ ಕೌಂಟರಿಗೆ ಒರಗಿದ್ದ.

"ಆಗಲ್ಲ ಅಂದ್ರೆ ಆಗಲ್ಲ," ಎನ್ನುತ್ತಿದ್ದಳು ಡಿಂಪ್ನಾ. "ಒಂಟಿಗಳಿಗೆ ಮಾತ್ರ. ನಿನ್ನ ಹೆಂಡತಿ ಬ್ರೀಜ್ ಬದುಕಿರೋ ತನಕ ನೀನು ಒಂಟಿ ಅಲ್ಲ."

"ಅವಳಿಗೇನು ಧಾಡಿ, ಗುಂಡುಕಲ್ಲು," ಎಂದು ಗೊಣಗಿ ಕೋಲ್ಮನ್ ಟೋಪಿ ಇಟ್ಟುಕೊಂಡ. ಬಾಗಿಲಲ್ಲಿ ಫರ್ಗಲನನ್ನು ನೋಡಿ, "ಗೆಳೆಯ ಕ್ಷೇಮಾನಾ?" ಎಂದು ಕೇಳಿ ಹೊರಗೆ ಹೋದ.

"ಫೋನ್ ಮಾಡಿದ ಮಾಸಿಗೂ ಅದೇ ಹೇಳ್ದೆ," ಎಂದಳು ಡಿಂಪ್ನಾ. "ಫಾದರ್ ಒಂಟಿಯೇ. ಆದ್ರೆ ಬಿಷಪ್ಪರ ಒಪ್ಪಿಗೆ ತನ್ನಿ ಅಂದೆ, ಫೋನ್ ಇಟ್ಟುಬಿಟ್ರು. ನಿನಗೊಂದು ಸೀಟು ಹಿಡಿದಿಟ್ಟಿದ್ದೆ. ತಗೋತೀಯೋ ಇಲ್ವೋ? ಒಂದ್ಸಲ ತಗೊಂಡ್ರೆ ದುಡ್ಡು ವಾಪಸ್ ಇಲ್ಲ."

ಫರ್ಗಲ್ ಕಾರ್ಡು ಕೊಟ್ಟ. ಎಲ್ಲ ಮುಗಿದ ಮೇಲೆ ಅವನಿಗೆ ಮಧ್ಯಾಹ್ನದ ಮಾತು ನೆನಪಾಯಿತು. "ಮೊನ್ನೆ ಯಾರಿಗೋ ಹೀಗೇ ಬೇಕಾಗಿತ್ತು ಅಂದ್ರಲ್ಲ..."

"ಹೆಂಗಸು," ಎಂದಳು ಡಿಂಪ್ನಾ, ಎತ್ತಲೋ ನೋಡುತ್ತಾ. "ಅವಳದೂ ಒಂದೇ ಹಟ. ಗುರುತಿನೋರು ಇರಬಾರದು, ಯಾರೂ ಯಾರ ಪೈಕಿ ಅಂತ ಕೇಳಬಾರದು, ಕಾಲು ಸೋಲೋ ತನಕ ಕುಣೀಬೇಕು. ಇದಕ್ಕಿಂತ ಹೆಚ್ಚು ಕೇಳ್ಬೇಡ. ಅವಳಿಗೂ ಮಾತು ಕೊಟ್ಟಿದ್ದೀನಿ, ನಿನಗೂ ಕೊಟ್ಟಿದ್ದೀನಿ. ನನ್ನ ಪಾಡು ದೇವರಿಗೇ ಗೊತ್ತು."

ಮನೆಯವರೆಗೂ ಫರ್ಗಲ್ ಮಳೆಯಲ್ಲಿ ನೆನೆದನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಈ ಲೋಕದಲ್ಲಿ ತನ್ನಂತೆಯೇ ಯೋಚಿಸುವ ಒಂದು ಹೆಣ್ಣಿದೆ! ಪಕ್ಕದ ಜಿಲ್ಲೆಯ ಟೀಚರ್ ಇರಬಹುದು. ಅಪ್ಪನ ಹೆಸರು ಹೊತ್ತು ಸಾಕಾದ ವಕೀಲರ ಮಗಳಿರಬಹುದು. ಅವಳ ಜೊತೆ ಏನು ಮಾತಾಡುವುದು, ಏನು ಕೇಳದೆ ಇರುವುದು ಎಲ್ಲವನ್ನೂ ದಾರಿಯಲ್ಲೇ ಹೊಂದಿಸಿಕೊಂಡ.

ಅಡುಗೆಮನೆಯಲ್ಲಿ ಅಮ್ಮ ಅಟ್ರಾಕ್ಟಾ ಆಲೂಗಡ್ಡೆ ಬೇಯಿಸಿ, ಹಂದಿಮಾಂಸದ ಜೊತೆ ಬಡಿಸಿದಳು. ಇಪ್ಪತ್ತೆರಡಕ್ಕೇ ಇವನನ್ನು ಹೆತ್ತವಳು. ಗಂಡ ಹೋದ ಮೇಲೂ ಬೆನ್ನು ಬಾಗಿಸದೆ ಮನೆ, ಹೊಲ, ಮಗ ಮೂರನ್ನೂ ನಡೆಸಿಕೊಂಡು ಬಂದವಳು.

"ನಿನ್ನ ಗೊಬ್ಬರದ ತರಬೇತಿ ಈಸ್ಟರ್ ಕಳೆದ ವಾರ ತಾನೆ?" ಎಂದಳು.

"ಹೂಂ. ಇಡೀ ವಾರ."

"ಒಳ್ಳೇದಾಯ್ತು. ನಾನೂ ಆ ವಾರ ಟಲ್ಲಮೋರ್‌ಗೆ, ಚಿಕ್ಕಮ್ಮನ ಮನೆಗೆ ಹೋಗಿರ್ತೀನಿ."

ಇಬ್ಬರೂ ಒಬ್ಬರಿಗೊಬ್ಬರ ಪಿಡುಗು ತಪ್ಪಿದ ಸಂತೋಷದಲ್ಲಿ ಇನ್ನೊಂದೊಂದು ಆಲೂಗಡ್ಡೆ ಹಾಕಿಕೊಂಡರು.

ನಡುಮನೆಯಲ್ಲಿ ಫೋನ್ ರಿಂಗಾಯಿತು. ಅಟ್ರಾಕ್ಟಾ ಎದ್ದು ಹೋಗಿ ತೆಗೆದುಕೊಂಡಳು. "ಹಲೋ" ಎಂದಳು. ಆಮೇಲೆ ಕೆಮ್ಮಿದಳು. ಆಮೇಲೆ "ರಾಂಗ್ ನಂಬರ್" ಎಂದು ಇಟ್ಟು ಬಂದು ಕೂತಳು. ಮುಖ ಬೆಂದ ಆಲೂಗಡ್ಡೆಯಂತೆ ಬಿಳಿಚಿಕೊಂಡಿತ್ತು. ಫೋನ್ ಮತ್ತೆ ರಿಂಗಾಯಿತು. "ತೆಗೀಬೇಡ," ಎಂದಳು. ಆದರೆ ಫರ್ಗಲ್ ಆಗಲೇ ತೆಗೆದಿದ್ದ.

"ಮಿಸ್ಟರ್ ಮಲ್ವಿ ಅವರಾ?" ಡಬ್ಲಿನ್ನಿನ ಹುಡುಗಿಯೊಬ್ಬಳ ಚುರುಕು ದನಿ. "ಸರಾಂಡದ ಪ್ರವಾಸ ನಡೆಸೋಳು ನಾನೇ ಸರ್. ಈಗ ತಾನೇ ಯಾರೋ ಇಟ್ಟುಬಿಟ್ರು. ಒಂದು ಸಣ್ಣ ತೊಂದರೆ ಆಗಿದೆ. ನಿಮ್ಮ ವಿಳಾಸದಿಂದ ಇಬ್ಬರು ಬುಕ್ ಮಾಡಿದ್ದಾರೆ. ಇದು ಒಂಟಿಗಳ ಪ್ರವಾಸ ಸರ್, ಗಂಡ ಹೆಂಡತಿಗೆ ಅವಕಾಶ ಇಲ್ಲ. ಅಟ್ರಾಕ್ಟಾ ಮಲ್ವಿ ಅನ್ನೋರು ನಿಮಗೇನಾಗಬೇಕು?"

ಫರ್ಗಲ್ ತಿರುಗಿ ನೋಡಿದ. ಅಟ್ರಾಕ್ಟಾ ಮಲ್ವಿ ಕೈಯಲ್ಲಿ ಫೋರ್ಕು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಸರ್? ಹೆಂಡತಿ ಆಗಿದ್ರೆ ಇಬ್ಬರದೂ ರದ್ದಾಗುತ್ತೆ, ದುಡ್ಡು ವಾಪಸ್ ಬರಲ್ಲ. ಬೇರೆ ಸಂಬಂಧ ಆದ್ರೆ ತೊಂದರೆ ಇಲ್ಲ. ನೀವು ಅವರಿಗೆ...?"

ಸುಳ್ಳು ಹೇಳಲು ಫರ್ಗಲನಿಗೆ ಒಂದೂ ಸಂಬಂಧ ಹೊಳೆಯಲಿಲ್ಲ.

"ಮಗ," ಎಂದ. "ಅಟ್ರಾಕ್ಟಾ ಮಗ."

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಹುಡುಗಿ ನಕ್ಕಳು. "ಗುಂಪಿನಲ್ಲಿ ಎಲ್ಲರಿಗೂ ಇವತ್ತೇ ತಿಳಿಸಿಬಿಡ್ತೀನಿ ಸರ್. ಆಮೇಲೆ ನಿಮ್ಮಿಬ್ಬರನ್ನ ನೋಡಿ ಯಾರೂ ತಪ್ಪು ತಿಳ್ಕೋಬಾರದಲ್ಲ."

ಫೋನ್ ಇಟ್ಟು ಬಂದು ಅವನು ತಟ್ಟೆಯ ಮುಂದೆ ಕೂತ. ಅಟ್ರಾಕ್ಟಾ ಎದುರಿಗೆ ಕೂತಳು. ಹೊರಗೆ ಮಳೆ ಸುರಿಯುತ್ತಿತ್ತು.

"ನಿಮ್ಮಪ್ಪನಿಗೆ ಕುಣಿಯೋಕೆ ಬರ್ತಿರಲಿಲ್ಲ," ಎಂದಳು. "ಆತ ಹೋದ ಮೇಲೆ ಎಲ್ಲಿ ಎದ್ದು ನಿಂತ್ರೂ, ಫರ್ಗಲನ ಅಮ್ಮ ಕುಣೀತಿದ್ದಾಳೆ ನೋಡಿ ಅಂತಾರೆ. ಒಂದು ವಾರ ನಾನು ಯಾರ ಅಮ್ಮನೂ ಆಗಿರಬಾರದು ಅಂತ ಆಸೆ ಪಟ್ಟೆ. ಅಷ್ಟೇ ಕಣೋ."

ಫರ್ಗಲ್ ಹೂಂ ಎಂದು ತಲೆಯಾಡಿಸಿದ. ಅದರಲ್ಲಿ ಅವನಿಗೆ ಅರ್ಥವಾಗದ ಒಂದು ಮಾತೂ ಇರಲಿಲ್ಲ.

ಅಟ್ರಾಕ್ಟಾ ಫೋರ್ಕನ್ನು ಅವನ ಮೂಗಿನ ನೇರಕ್ಕೆ ಹಿಡಿದಳು. "ದುಡ್ಡು ಕೊಟ್ಟಾಗಿದೆ, ಹೋಗೋದೇ. ಆ ಹುಡುಗಿ ಯಾರಿಗೆ ಏನಾದ್ರೂ ಹೇಳಿಕೊಳ್ಳಲಿ. ನೀನು ಮಾತ್ರ ಅಲ್ಲಿ ನನ್ನನ್ನ ಅಮ್ಮ ಅಂತ ಕರೀಕೂಡದು. ತಿಳೀತಾ?"

"ಆಯ್ತಮ್ಮ," ಎಂದ ಫರ್ಗಲ್.