ಮಳೆಕಾಡಿನ ಮರಳೂ ನನ್ನ ಬಲಗಾಲೂ

ಹೆಂಡತಿ ಮಾತು ಕೇಳದಿದ್ದರೆ ಸಹಿಸಿಕೊಳ್ಳಬಹುದು. ಅತ್ತೆ ಕೇಳದಿದ್ದರೆ, ಅದು ಅವರ ಹಕ್ಕು ಎಂದು ಸುಮ್ಮನಿರಬಹುದು. ಆದರೆ ಸ್ವಂತ ಬಲಗಾಲೇ ಮಾತು ಕೇಳದಿದ್ದರೆ ಮನುಷ್ಯ ಯಾರ ಮುಂದೆ ಹೋಗಿ ಅಳಬೇಕು, ಹೇಳಿ?

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟರು. ಕಾರು ಯಾವ ಕಡೆಗೆ ಹೋಗುತ್ತದೆಂದು ಗೊತ್ತಿಲ್ಲದವರ ಪಕ್ಕದಲ್ಲಿ ಪ್ರಾಣವನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂರುವುದು ನನ್ನ ಹೊಟ್ಟೆಪಾಡು. ಕಲಿಯುವವರ ಕಡೆ ಎಲ್ಲವೂ ಇರುತ್ತದೆ: ಸ್ಟಿಯರಿಂಗು, ಹಾರನ್ನು, ಆಕ್ಸಿಲರೇಟರು, ಧೈರ್ಯ. ಕಲಿಸುವವನ ಕಡೆ ಕಾಲ ಬುಡದಲ್ಲಿ ಒಂದು ಬ್ರೇಕು ಮಾತ್ರ. (ಸಂಸಾರದಲ್ಲೂ ನನ್ನ ಪಾಲಿಗೆ ಬಂದಿರುವುದು ಅಷ್ಟೇ. ಅದೂ ಸರಿಯಾಗಿ ಹಿಡಿಯುವುದಿಲ್ಲ.) ವರ್ಷಗಟ್ಟಲೆ ಅದನ್ನು ಒತ್ತೀ ಒತ್ತೀ ನನ್ನ ಬಲಗಾಲು ಸ್ವತಂತ್ರ ಸಂಸ್ಥಾನವಾಗಿಬಿಟ್ಟಿದೆ. ಸಿನಿಮಾದಲ್ಲಿ ಕಾರು ಬಂದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆ ಬೀಳುತ್ತದೆ. ಹೆಂಡತಿ ಬಿಸಿ ಪಾತ್ರೆ ಹಿಡಿದು ಅಡುಗೆಮನೆಯಿಂದ ಸರಕ್ಕನೆ ಬಂದರೆ ಊಟದ ಮೇಜು ಅಲ್ಲಾಡುತ್ತದೆ.

ಮನೆಯೊಳಗಿದ್ದಷ್ಟು ದಿನ ಇದು ಮನೆಯ ಮಾತಾಗಿತ್ತು. ಮೊನ್ನೆ ಹಲ್ಲಿನ ಡಾಕ್ಟರಮ್ಮನವರ ಲೈಸೆನ್ಸ್ ಪರೀಕ್ಷೆಯ ದಿನ ಊರ ಮಾತಾಯಿತು. ಡಾಕ್ಟರಮ್ಮ ಸೊಗಸಾಗಿ ಓಡಿಸುತ್ತಿದ್ದರು. ಪಕ್ಕದಲ್ಲಿ ನಾನು, ಹಿಂದೆ ಇನ್ಸ್‌ಪೆಕ್ಟರು. ಎಲ್ಲ ಮುಗಿದು ಗೇಟಿನ ಹತ್ತಿರ ಬಂದಾಗ ಗಾಜಿನ ಮುಂದೆ ಒಂದು ಒಣಗಿದ ಎಲೆ ಹಾರಿತು. ಎಲೆ ಸ್ವಾಮಿ, ಬರೀ ಎಲೆ! ನನ್ನ ಕಾಲು ಧಡ್ಡನೆ ಒತ್ತಿತು. ಇನ್ಸ್‌ಪೆಕ್ಟರ ಹಣೆ ನನ್ನ ಸೀಟಿಗೆ ಬಡಿಯಿತು. ಡಾಕ್ಟರಮ್ಮ ಫೇಲು.

ಸ್ಕೂಲಿನ ಯಜಮಾನರು ಅಂದೇ ಕರೆಸಿದರು. "ಮೇಷ್ಟ್ರೇ, ರಜಾ ತಗೊಳ್ಳಿ. ಎಲ್ಲಾದ್ರೂ ಹೋಗಿ ಆ ಕಾಲನ್ನ ಸರಿಮಾಡ್ಕೊಂಡು ಬನ್ನಿ. ಆಗ್ಲಿಲ್ವಾ, ಕೌಂಟರಲ್ಲಿ ಕೂತು ಅರ್ಜಿದಾರರ ಫೋಟೋ ತೆಗೀರಿ."

ಕೌಂಟರು! ರಸ್ತೆ ಕಂಡವನನ್ನು ಗೋಡೆ ನೋಡಿಕೊಂಡು ಕೂರಿಸುವುದೆಂದರೆ ಜೀವಂತ ಹೂತ ಹಾಗೆ. ಹೆದರಿ ಡಾಕ್ಟರ ಹತ್ತಿರ ಓಡಿದೆ. ಅಲ್ಲಿ ಕಾಯುವ ಕೋಣೆಯಲ್ಲಿ ಒಂದು ಹಳೆಯ ಪತ್ರಿಕೆ ಸಿಕ್ಕಿತು. ಅದರಲ್ಲೊಂದು ಚಿತ್ರ. ದಟ್ಟ ಮಳೆಕಾಡು, ನಡುವೆ ಬಳುಕಿ ಬರುವ ಹೊಳೆ, ಹೊಳೆಯ ತಿರುವಿನಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿ ಮರಳು. ಎರಡು ಮರಗಳ ನಡುವೆ ಒಂದು ಜೋಲಿ. ಜೋಲಿಯಲ್ಲಿ ಮಲಗಿದವನ ಮುಖ ಕಾಣುತ್ತಿರಲಿಲ್ಲ, ಎರಡು ಪಾದ ಮಾತ್ರ ಹೊರಗಿದ್ದವು. ಆ ಪಾದಗಳು ಯಾವುದನ್ನೂ ಒತ್ತುತ್ತಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಡಾಕ್ಟರು ಕಾಲನ್ನು ತಟ್ಟಿ ನೋಡಿ, "ಕಾಲಿಗೇನೂ ಆಗಿಲ್ಲ, ತಲೆಗೆ ವಿಶ್ರಾಂತಿ ಬೇಕು" ಎಂದರು. ನಾನು ಪತ್ರಿಕೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಮನೆಗೆ ಬಂದೆ.

ಇಲ್ಲಿ ನನ್ನ ಹೆಂಡತಿಯ ವಿಚಾರ ಹೇಳಬೇಕು. ಆಕೆ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ಹೆಡ್ ನರ್ಸ್. ಆಕೆ ನಡೆದದ್ದನ್ನು ನಾನು ನೋಡಿಲ್ಲ, ಓಡಿದ್ದನ್ನೇ ನೋಡಿದ್ದು. ಹಲ್ಲುಜ್ಜುತ್ತಾ ಇಸ್ತ್ರಿ ಹಾಕುತ್ತಾಳೆ, ಇಸ್ತ್ರಿ ಹಾಕುತ್ತಾ ನನಗೆ ಬೈಯುತ್ತಾಳೆ. ನಾನು ಮನೆಗೆ ಬಂದಾಗ ಆಕೆ ಹೊರಡುವ ಹೊತ್ತು, ಆಕೆ ಬಂದಾಗ ನಾನು ಹೊರಡುವ ಹೊತ್ತು. ನಿಜ ಹೇಳಿಬಿಡುತ್ತೇನೆ: ಕಾಲು ಅರ್ಧ ನೆಪ. ಹೆಂಡತಿಯ ಪಕ್ಕದಲ್ಲಿ, ಆಕೆ ಎದ್ದು ಓಡದ ಹಾಗೆ, ಒಂದಿಷ್ಟು ಹೊತ್ತು ಸುಮ್ಮನೆ ಕೂರಬೇಕೆಂಬ ಆಸೆ ನನ್ನನ್ನು ಬಹಳ ದಿನದಿಂದ ತಿನ್ನುತ್ತಿತ್ತು.

ಚಿತ್ರ ತೋರಿಸಿದೆ.

"ಇಲ್ಲಿ ಹೋಗಿ ಏನ್ರೀ ಮಾಡೋದು?"

"ಏನೂ ಮಾಡೋದಿಲ್ಲ. ದೋಣಿಯಲ್ಲೇ ಇರೋದು, ಅದು ನಿಧಾನ ಹೋಗುತ್ತೆ. ಮರಳು ಕಂಡ್ರೆ ಇಳಿಯೋದು, ಕೂತ್ಕೊಳ್ಳೋದು."

"ಆಮೇಲೆ?"

"ಆಮೇಲೂ ಕೂತ್ಕೊಳ್ಳೋದು."

"ಸಾಯಂಕಾಲ?"

"ಸಾಯಂಕಾಲ ಬೇಕಾದ್ರೆ ಮಲಗೋದು, ಮಗ್ಗುಲು ಬದಲಾಯಿಸೋದು."

"ನಮ್ಮ ವಾರ್ಡಲ್ಲಿ ಯಾರಾದ್ರೂ ಹಾಗೆ ಬಿದ್ದುಕೊಂಡಿದ್ರೆ ಮೊದಲು ಆಕ್ಸಿಜನ್ ಹಾಕ್ತೀವಿ" ಎಂದಳು.

ಕೌಂಟರಿನ ವಿಷಯ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದಳು. ನಾನು ವಿಚಾರಿಸಿದಾಗ ಟ್ರಾವೆಲ್ಸಿನವನು ಫೋನಿನಲ್ಲಿ ಒಂದು ಮಾತು ಒತ್ತಿ ಹೇಳಿದ್ದ: ಹೊಳೆ ಇಳಿದಾಗ ಮಾತ್ರ ಆ ಮರಳು ಮೇಲೆ ಬರುತ್ತದೆ, ಕಾಡಿನಲ್ಲಿ ಮಳೆ ಜೋರಾದರೆ ಮರಳು ಮತ್ತೆ ನೀರಿನ ತಳಕ್ಕೆ, ಆಮೇಲೆ ಮುಂದಿನ ವರ್ಷವೇ, ಹೋಗುವುದಿದ್ದರೆ ಬೇಗ ಹೋಗಬೇಕು. ಟಿಕೆಟ್ ತೆಗೆದರೆ ವಾಪಸ್ಸಿಲ್ಲ. 'ಬೇಗ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಹೆಂಡತಿ ಯುದ್ಧಕ್ಕೆ ನಿಂತಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಟಿಕೆಟ್ ಆಗಿತ್ತು, ಆಕೆಯ ರಜೆ ಮಂಜೂರಾಗಿತ್ತು. ದೋಣಿಯ ಕೋಣೆಯಲ್ಲಿ ಮೂರು ಹಾಸಿಗೆಯಂತೆ, ಮೂರನೆಯದು ಸುಮ್ಮನೆ ಹಾಳಾಗುತ್ತದೆಂದು ಅವಳಮ್ಮನಿಗೂ ಫೋನು ಹೋಗಿತ್ತು.

"ನಾವಿಬ್ರೇ ಅಂದ್ಕೊಂಡಿದ್ದೆ" ಎಂದೆ, ಗಂಟಲಲ್ಲೇ.

"ಅಮ್ಮ ಏನು ಹೊರಗಿನವಳಾ?"

ಒಳಗಿನವರೇ. ಅದೇ ತೊಂದರೆ.

ಅತ್ತೆ ಮರುದಿನವೇ ಹೊಲಿಗೆ ಯಂತ್ರದ ಸಮೇತ ಬಂದಿಳಿದರು. ಅವರು ಒಂದು ಕಾಲಕ್ಕೆ ಹೆಸರಾಂತ ದರ್ಜಿ. ಅಂಗಡಿಯಲ್ಲಿ ಕೊಂಡ ಯಾವ ವಸ್ತುವಿನ ಹೊಲಿಗೆಯ ಮೇಲೂ ಅವರಿಗೆ ನಂಬಿಕೆಯಿಲ್ಲ. ನಾನು ಆಸೆಯಿಂದ ಕೊಂಡು ತಂದಿದ್ದ ಬಲೆಯ ಜೋಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಳಿಯಂದ್ರೇ, ಇದು ಜೋಲಿನಾ ಸೊಳ್ಳೆಪರದೆನಾ? ಇದರಲ್ಲಿ ಮಲಗಿದ್ರೆ ನೀವು ಕೆಳಗಡೆ ಸೋರಿ ಹೋಗ್ತೀರಿ."

"ಗಾಳಿ ಆಡ್ಲಿ ಅಂತ ಹಾಗಿರುತ್ತೆ ಅತ್ತೆ..."

"ನಾನು ಹೊಲಿದುಕೊಡ್ತೀನಿ. ನನ್ನ ಕೈಯಲ್ಲಿ ಹೊಲಿದಿದ್ದು ಇವತ್ತಿನವರೆಗೆ ಒಂದೂ ಹರಿದಿಲ್ಲ."

ನಮ್ಮ ಸೋಫಾದ ಹೊದಿಕೆ ಜೋಲಿಯಾಯಿತು. ಸೋಫಾ ಬೆತ್ತಲೆಯಾಗಿ ನನ್ನನ್ನು ನೋಡುತ್ತಿತ್ತು. ಅತ್ತ ಹೆಂಡತಿ ಔಷಧಿ ಪೆಟ್ಟಿಗೆ ತುಂಬುತ್ತಿದ್ದಳು. ಹಾವಿಗೆ, ಚೇಳಿಗೆ, ಜ್ವರಕ್ಕೆ, ಜ್ವರದ ಔಷಧಿಯಿಂದ ಬರುವ ಹೊಟ್ಟೆನೋವಿಗೆ. ಬೆಳಗ್ಗೆ ಹಕ್ಕಿ ನೋಡುವುದು, ಆಮೇಲೆ ಕಾಡಿನ ಸುತ್ತಾಟ, ಆಮೇಲೆ ಈಜು ಎಂದು ಕಾರ್ಯಕ್ರಮವೂ ತಯಾರಾಯಿತು. ಸುಮ್ಮನೆ ಕೂರುವುದಕ್ಕೆ ಹೊತ್ತು ಯಾವುದು ಎಂದು ಕೇಳಿದೆ. "ನೋಡೋಣ, ಮಧ್ಯೆ ಬಿಡುವಾದ್ರೆ" ಎಂದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಮ್ಮ ಮನೆಯಲ್ಲಿ ಅವರಿಬ್ಬರೂ ಒಂದೇ ಕಡೆಗೆ ಎಳೆಯುತ್ತಾರೆ, ನಡುವೆ ಸಿಕ್ಕಿದವನು ನಾನು.

ಹೊರಡುವುದಕ್ಕೆ ಇನ್ನು ಸ್ವಲ್ಪ ದಿನ ಇರುವಾಗ ಜೋಲಿ ಸಿದ್ಧವಾಯಿತು. ಮೈಗೆ ಹಾಕಿ ನೋಡದೆ ಬಟ್ಟೆ ಕಳಿಸುವ ಪದ್ಧತಿ ಅತ್ತೆಯ ಅಂಗಡಿಯಲ್ಲಿ ಇರಲಿಲ್ಲವಂತೆ. ಜೋಲಿಗೂ ಅದೇ ಕಾನೂನು.

"ಕಟ್ಟಿ ಮಲಗಿ ತೋರಿಸಿ. ಸಡಿಲ ಇದ್ರೆ ಹಿಡೀತೀನಿ."

ಕಟ್ಟುವುದಕ್ಕೆ ಎರಡು ಮರ ಬೇಕಲ್ಲ? ಒಂದು ತುದಿ ಕಿಟಕಿಯ ಸರಳಿಗೆ ಬಂತು. ಇನ್ನೊಂದು ತುದಿಗೆ, ಮೇಲಿನ ಟ್ಯಾಂಕಿನಿಂದ ನಡುಮನೆಯ ಗೋಡೆಗುಂಟ ಇಳಿದು ಬರುವ ದಪ್ಪ ಕಬ್ಬಿಣದ ಕೊಳವೆಯನ್ನು ತೋರಿಸಿದೆ. (ಹೌದು, ತೋರಿಸಿದ್ದು ನಾನೇ. ಹಣೆಬರಹಕ್ಕೆ ಹೊಣೆ ಯಾರು?)

"ಅದು ತಡೆಯುತ್ತಾ?" ಹೆಂಡತಿ ಅನುಮಾನಿಸಿದಳು.

"ನಮ್ಮ ಮದುವೆಗಿಂತ ಹಳೇದು ಕಣೆ. ಅದು ತಡೆದಿದೆ ಅಂದ್ಮೇಲೆ..." ಎಂದು ಆಕೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದೆ.

ಕಿಟಕಿಯ ಕಡೆ ತಲೆ, ಕೊಳವೆಯ ಕಡೆ ಕಾಲು ಮಾಡಿ ಮಲಗಿದೆ. ಏನು ಹೇಳಲಿ! ಅತ್ತೆಯ ಕೈಕೆಲಸ ಸುಳ್ಳಲ್ಲ. ಬೆನ್ನು ಬೆಣ್ಣೆಯಾಯಿತು. ಕಣ್ಣು ಮುಚ್ಚಿದರೆ ಹೊಳೆ, ಬಿಳಿ ಮರಳು, ಪಕ್ಕದಲ್ಲಿ ಹೆಂಡತಿ. ಬಲಗಾಲು ಕೂಡ ಎಂದೂ ಇಲ್ಲದ ಹಾಗೆ ತೆಪ್ಪಗಿತ್ತು. ವಾಸಿಯಾಯಿತು, ಬದುಕಿಕೊಂಡೆ ಎಂದುಕೊಂಡೆ.

"ಮಲಗಿದ್ರೆ ಆಯ್ತಾ? ತೂಗಿ ನೋಡ್ಬೇಡ್ವಾ?" ಎನ್ನುತ್ತಾ ಅತ್ತೆ ಒಂದು ನೂಕು ನೂಕಿದರು. ಯಂತ್ರ ತುಳಿದು ಗಟ್ಟಿಯಾದ ದೇಹ, ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ. ಜೋಲಿ ಬೀರುವಿನ ಕಡೆಗೆ ರೊಯ್ಯನೆ ಹೋಯಿತು.

"ನಿಧಾನ ಅತ್ತೆ! ನಿಧಾನ, ನಿಧಾನ!"

ಈ ಶಬ್ದವನ್ನು ನನ್ನ ಬಾಯಿ ಹೇಳಿದ ಮೇಲೆ ನನ್ನ ಬಲಗಾಲು ಮಾಡುವುದು ಒಂದೇ ಕೆಲಸ. ಇಷ್ಟು ವರ್ಷದಿಂದ ಇವೆರಡೂ ಒಟ್ಟಿಗೇ ದುಡಿದಿವೆ. ಕಾಲು ಮೈಯ ಬಲವನ್ನೆಲ್ಲ ಹಾಕಿ ಬ್ರೇಕ್ ಒತ್ತಿತು. ಪಾದದ ಎದುರಿಗೆ ಕೊಳವೆ.

ಮೊದಲು ಮುರಿದದ್ದು ಯಾವುದೆಂಬ ಬಗ್ಗೆ ಮನೆಯಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಕೊಳವೆ ಅರ್ಧಕ್ಕೆ ಕಳಚಿಕೊಂಡಿತು, ಜೋಲಿ ನೆಲಕ್ಕೆ ಬಂತು, ಟ್ಯಾಂಕಿನ ನೀರು ಇಡೀ ನನ್ನ ಮೇಲೆ ಬಂತು. ನೀರಿನಲ್ಲಿ ಬಿದ್ದು ನಾನು ಬೊಬ್ಬೆ ಹೊಡೆಯುತ್ತಿದ್ದರೆ ಅತ್ತೆ ಸೆರಗು ಎತ್ತಿಕಟ್ಟಿ ಬಗ್ಗಿ ಜೋಲಿಯನ್ನು ಪರೀಕ್ಷಿಸಿದರು.

"ನೋಡಿದ್ರಾ? ಒಂದು ಹೊಲಿಗೆ ಬಿಟ್ಟಿದ್ರೆ ಕೇಳಿ!"

ಹೆಂಡತಿ ಬಂದು ಕಾಲು ಮುಟ್ಟಿದಳು. "ಮುರಿದಿದೆ" ಎಂದಳು, ಮಳೆ ಬರುತ್ತಿದೆ ಎನ್ನುವ ದನಿಯಲ್ಲಿ. ಆಕೆಯ ವಾರ್ಡಿನಲ್ಲೇ ಪ್ಲಾಸ್ಟರ್ ಆಯಿತು. ಬಲಗಾಲು ಮೊಣಕಾಲಿನವರೆಗೆ ಬೆಳ್ಳಗೆ, ಆ ಚಿತ್ರದ ಮರಳಿನಷ್ಟೇ ಬೆಳ್ಳಗೆ.

ಇನ್ನು ಪ್ರಯಾಣ? ಟಿಕೆಟ್ ವಾಪಸ್ಸಿಲ್ಲ, ಮುಂದಕ್ಕೆ ಹಾಕೋಣವೆಂದರೆ ಹೊಳೆ ನಮಗಾಗಿ ಕಾಯುವುದಿಲ್ಲ. ಹೆಂಡತಿ ಹಾಸಿಗೆಯ ತುದಿಯಲ್ಲಿ ಕೂತು ನಿಟ್ಟುಸಿರು ಬಿಟ್ಟಳು. ಅದನ್ನು ಕಂಡು ನನಗೆ ತ್ಯಾಗದ ಹುಚ್ಚು ಹತ್ತಿತು. ಗಂಡನಾದವನು ಇಂಥ ಹೊತ್ತಿನಲ್ಲಿ ಒಂದು ದೊಡ್ಡ ಮಾತು ಆಡಬೇಕು, ಹೆಂಡತಿಯಾದವಳು 'ಛೆ, ನಿಮ್ಮನ್ನ ಬಿಟ್ಟು ಹೋಗ್ತೀನಾ' ಎಂದು ಕಣ್ಣೊರೆಸಿಕೊಳ್ಳಬೇಕು. ಇದು ಲೋಕ ಬಲ್ಲ ನಿಯಮ.

"ನನ್ನ ಯೋಚನೆ ಬಿಡು. ನೀನು ಅಮ್ಮನ ಜೊತೆ ಹೋಗಿ ಬಾ" ಎಂದೆ, ದನಿಯನ್ನು ಸ್ವಲ್ಪ ನಡುಗಿಸಿ.

"ಆಗ್ಲಿ ರೀ" ಎಂದಳು.

"ಏನು?"

"ನೀವೇ ಹೇಳ್ತಿದ್ದೀರಲ್ಲ, ಆಗ್ಲಿ ಅಂದೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಎಷ್ಟು ಒಳ್ಳೇ ಮನಸ್ಸು! ಅಳಿಯಂದ್ರ ಮಾತು ಮೀರಬಾರದಮ್ಮಾ" ಎಂದರು. ಮದುವೆಯಾದ ಮೇಲೆ ನನ್ನ ಮಾತು ನಮ್ಮ ಮನೆಯಲ್ಲಿ ನಡೆದದ್ದು ಅದೇ ಮೊದಲು. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಮಾತಿನ ಜೊತೆ ಹೆಂಡತಿಯೂ ಹೋದಳು.

ನನ್ನನ್ನು ಕೊಳಾಯಿ ರಿಪೇರಿಯವನ ವಶಕ್ಕೆ ಒಪ್ಪಿಸಿ ಹೋದರು. ಅವನು ಗೋಡೆ ಅಗೆದು ಹೊಸ ಕೊಳವೆ ಕೂರಿಸಬೇಕಿತ್ತು. ಸಿಮೆಂಟಿಗೆಂದು ತಂದ ಮರಳನ್ನು, ಹೊರಗೆ ಹಾಕಿದರೆ ಬೆಕ್ಕುಗಳು ಬರುತ್ತವೆಂದು ನಡುಮನೆಯಲ್ಲೇ, ನನ್ನ ಮಂಚದ ಪಕ್ಕ ಸುರಿದ. ಬಾಲ್ಕನಿಯ ಗೋಡೆಯನ್ನೂ ಅಗೆಯಬೇಕಾಗಿ ಬಂದು ಹೆಂಡತಿಯ ಗಿಡದ ಕುಂಡಗಳೆಲ್ಲ ನನ್ನ ಮಂಚದ ಸುತ್ತ ಬಂದವು. ಒಡೆದ ಕೊಳವೆಯಿಂದ ನೀರು ಜಿನುಗಿ ಮರಳಿನ ಬದಿಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಹಸಿರು, ಮರಳು, ನೀರು, ಸೊಳ್ಳೆ. ಏನು ಕಡಿಮೆ?

"ಇದು ಯಾವಾಗ ಮುಗಿಯುತ್ತಪ್ಪಾ?" ಎಂದರೆ, "ಅವಸರ ಮಾಡ್ಬಾರ್ದು ಸಾರ್. ಸಿಮೆಂಟು ನಿಧಾನ ಒಣಗ್ಬೇಕು" ಎಂದು ಮರಳ ಗುಡ್ಡೆಗೆ ಒರಗಿ ಕಾಲು ಚಾಚಿದ.

ಹೆಂಡತಿಯಿಂದ ಫೋಟೋ ಬಂತು. ಮಳೆಕಾಡು, ಹೊಳೆ, ಬಿಳಿ ಮರಳು, ಸೋಫಾದ ಹೂವಿನ ಬಟ್ಟೆಯ ಜೋಲಿ. ಅದರಿಂದ ಹೊರಗೆ ಎರಡು ಪಾದ, ಅತ್ತೆಯವು. ಹೇಗಿದ್ದೀರಿ ಎಂಬ ಒಂದು ಅಕ್ಷರವಿಲ್ಲ. ಯಜಮಾನರೂ ಫೋನು ಮಾಡಿದರು. "ಕಾಲು ಪ್ಲಾಸ್ಟರಲ್ಲಿದ್ಯಾ? ಇನ್ನೇನೂ ಒತ್ತೋಕಾಗಲ್ಲ ಅನ್ನಿ. ಒಳ್ಳೇದೇ ಆಯ್ತು, ಕ್ಯಾಮೆರಾ ರೆಡಿ ಇದೆ" ಎಂದರು. ಗಾಯದ ಮೇಲೆ ಬರೆ ಎಂದರೆ ಇದು. ಫೋನಿಟ್ಟು ಗೋಡೆಯ ಕಡೆ ತಿರುಗಿ ಮಲಗಿದೆ, ಅಲ್ಲಿ ಗೋಡೆಯೂ ಪೂರ್ತಿ ಇರಲಿಲ್ಲ.

ಅಂತೂ ಹೋದವರು ಬಂದರು. ಹೆಂಡತಿ ಬಾಗಿಲಿನಿಂದ ನನ್ನ ಮಂಚದವರೆಗೆ ನಡೆದು ಬಂದಳು. ಹೌದು, ನಡೆದು! ನನಗೆ ಗಾಬರಿಯಾಯಿತು. "ಏನಾಯ್ತೇ? ಕಾಲು ನೋವಾ?" ಎಂದೆ.

"ಇಲ್ಲ ರೀ. ಹಾಯಾಗಿದ್ದೀನಿ. ನೀವು ಹೇಳಿದ್ದು ನಿಜ, ಏನೂ ಮಾಡದೆ ಇರೋದ್ರಲ್ಲಿ ಎಂಥ ಸುಖ!" ಎಂದಳು. ಒಂದೊಂದು ಶಬ್ದದ ನಡುವೆ ಒಂದು ದೋಣಿ ಹಾಯುವಷ್ಟು ಜಾಗವಿತ್ತು. ಅತ್ತೆ ನಡುಮನೆಯ ಹೊಸ ಗೋಡೆಗೆ ಎರಡು ಗಟ್ಟಿ ಕೊಕ್ಕೆ ಹೊಡೆಸಿ ಜೋಲಿ ಕಟ್ಟಿಸಿದರು. ಹೆಂಡತಿ ಅದರಲ್ಲಿ ಮಲಗಿ, ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿಕೊಂಡಳು. ಎಷ್ಟು ವರ್ಷದಿಂದ ಕಾದದ್ದು! ಆಕೆ ಏಳಲಿಲ್ಲ, ಓಡಲಿಲ್ಲ. ಎದೆ ತುಂಬಿ ಬಂತು.

ಎದೆಯ ಜೊತೆಗೆ ಇನ್ನೊಂದೂ ತುಂಬಿ ಬಂದಿತ್ತು. ನನಗೆ ತುರ್ತಾಗಿ ಬಚ್ಚಲಿಗೆ ಹೋಗಬೇಕಿತ್ತು. ಊರುಗೋಲುಗಳು ಕೋಣೆಯ ಆ ತುದಿಯಲ್ಲಿದ್ದವು. ಅತ್ತೆ ಅಂಗಡಿಗೆ ಹೋಗಿದ್ದರು.

"ಆ ಊರುಗೋಲು ಸ್ವಲ್ಪ ಕೊಡೇ" ಎಂದೆ.

"ಕೊಡ್ತೀನಿ" ಎಂದು ಕಣ್ಣು ಮುಚ್ಚಿದಳು.

"ಈಗಲೇ ಬೇಕಿತ್ತು."

"ಆ ಕುಂಡದಲ್ಲಿ ಒಂದು ಎಲೆ ಬೀಳ್ತಾ ಇದೆ ನೋಡ್ರೀ. ಎಷ್ಟು ನಿಧಾನ ಬೀಳುತ್ತೆ!"

"ಲೇ, ಎಮರ್ಜೆನ್ಸಿ ಕಣೇ!"

"ನಿಧಾನ ರೀ, ನಿಧಾನ" ಎಂದಳು ನನ್ನ ಹೆಂಡತಿ, ಜೋಲಿಯಲ್ಲಿ ಮೆಲ್ಲಗೆ ಮಗ್ಗುಲು ಬದಲಾಯಿಸುತ್ತಾ.

ಪ್ಲಾಸ್ಟರಿನೊಳಗೆ ನನ್ನ ಬಲಗಾಲು ಹುಚ್ಚು ಹಿಡಿದಂತೆ ಒತ್ತತೊಡಗಿತು. ಈ ಸಲ ಅದು ಹುಡುಕುತ್ತಿದ್ದದ್ದು ಬ್ರೇಕನ್ನಲ್ಲ, ಆಕ್ಸಿಲರೇಟರನ್ನು. ಆದರೆ ನನ್ನ ಕಡೆ ಅದು ಎಂದೂ ಇರಲಿಲ್ಲವಲ್ಲ.